ಒಣಗದ ಗೋಡೆಯ ಪೇಂಟರಣ್ಣ

ಬೀದಿದೀಪಗಳು ಇನ್ನೂ ಆರಿಲ್ಲ. ಬೀದಿಯ ಕೊನೆಯ ಪುಟ್ಟ ಆರೋಗ್ಯ ಕೇಂದ್ರದ ಮುಂದೆ ಏಣಿ ಒರಗಿಸಿ, ಕಿವಿಗೊಂದು ಬ್ರಷ್ ಸಿಕ್ಕಿಸಿಕೊಂಡು ಪೇಂಟರಣ್ಣ ಮೇಲೇರುತ್ತಾರೆ. ಬಾಗಿಲ ಮೇಲಿನ ಗೋಡೆಯಲ್ಲಿ ಕೇಂದ್ರದ ಹೆಸರಿದೆ. ಅದರ ಕೆಳಗೆ ಇವತ್ತು ಹೊಸ ಸಾಲೊಂದು ಸೇರಬೇಕು: ‘ಇಲ್ಲಿ ಹೆರಿಗೆ ಮಾಡಿಸಲಾಗುತ್ತದೆ.’ ಬೀಗ ಬಿದ್ದಿದ್ದ ಹೆರಿಗೆ ಕೋಣೆ ಬೆಳಗಾದರೆ ಮತ್ತೆ ತೆರೆಯುತ್ತದೆ.

ಈ ಸೀಮೆಯ ಆರೋಗ್ಯ ಇಲಾಖೆಯ ಚರಿತ್ರೆಯೆಲ್ಲ ಇವರ ಮನೆತನದ ಕೈಯಲ್ಲೇ ಬಣ್ಣ ಕಂಡಿದೆ. ಇದೇ ಗೋಡೆಗೆ ಇವರ ತಂದೆ ಸಿಡುಬಿನ ಚುಚ್ಚುಮದ್ದಿನ ಕಚೇರಿ ಎಂದು ಬರೆದಿದ್ದರು. ಸಿಡುಬು ಹೋಯಿತು, ಮಲೇರಿಯಾ ಕಚೇರಿ ಬಂತು. ಆಗ ಕಾಯಿಲೆ ಬಂದ ಮೇಲೆ ನೋಡುವವರದು ಒಂದು ಇಲಾಖೆ, ಬರದಂತೆ ನೋಡುವವರದು ಇನ್ನೊಂದು. ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕೊನೆಗೆ ಎರಡನ್ನೂ ಒಂದು ಮಾಡಿದಾಗ ಹೆರಿಗೆ ಕೋಣೆಯೂ ಇಲ್ಲಿಗೇ ಬಂತು.

“ಸಾಹೇಬ್ರು ಬದಲಾದಾಗೆಲ್ಲ ಹೆಸರೂ ಬದಲಾಗೋದು. ನಮ್ಮನೇಲಿ ಒಲೆ ಉರೀತಿದ್ದದ್ದೇ ಅದರಿಂದ,” ಎಂದು ಪೇಂಟರಣ್ಣ ನಗುತ್ತಾರೆ.

ಹೋದ ವರ್ಷ ಮಾತ್ರ ನಗು ಬರಲಿಲ್ಲ. ಕೇಂದ್ರವನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ಆದೇಶವಾಯಿತು, ಹೆರಿಗೆ ಕೋಣೆಗೆ ಬೀಗ ಬಿತ್ತು. ಗೋಡೆಯ ಹೆಸರಿನ ಮೇಲೆ ಬಣ್ಣ ಬಳಿದು ಅಳಿಸಲು ಪೇಂಟರಣ್ಣನಿಗೇ ಹೇಳಿದರು. ಅವರ ಒಬ್ಬಳೇ ಮಗಳು ಹುಟ್ಟಿದ್ದು ಇದೇ ಹೆರಿಗೆ ಕೋಣೆಯಲ್ಲಿ. ಕೈ ಏಳಲಿಲ್ಲ. ಗೋಡೆ ಹಸಿಯಿದೆ, ಬಣ್ಣ ಹಿಡಿಯುವುದಿಲ್ಲ ಎಂದು ಸಬೂಬು ಹೇಳಿದರು. ಅಧಿಕಾರಿ ನೋಡಲು ಬಂದಾಗಲೆಲ್ಲ ಗೋಡೆ ನಿಜಕ್ಕೂ ತೊಯ್ದು ತೊಪ್ಪೆಯಾಗಿರುತ್ತಿತ್ತು. ನೀರು ಎರಚುತ್ತಿದ್ದವರು ಕೇಂದ್ರದ ಸಿಸ್ಟರಮ್ಮ.

“ಗಿಡಕ್ಕೆ ಹಾಕ್ತಿದ್ದೆ, ಸ್ವಲ್ಪ ಮೇಲಕ್ಕೆ ಹಾರ್ತು,” ಎಂದು ಅವರು ಇವತ್ತಿಗೂ ಮುಖ ಗಂಟಿಕ್ಕಿಕೊಂಡೇ ಹೇಳುತ್ತಾರೆ.

ಹೆಸರು ಉಳಿದದ್ದರಿಂದ ತಪಾಸಣೆಗೆ, ಚುಚ್ಚುಮದ್ದಿಗೆ ಜನ ಬರುವುದು ನಿಲ್ಲಲಿಲ್ಲ. ಬಂದವರನ್ನು ಸಿಸ್ಟರಮ್ಮ ವಾಪಸ್ ಕಳಿಸಲೂ ಇಲ್ಲ. ಬೀದಿಯ ಹೆಂಗಸರು ಕಂಕುಳ ಕೂಸುಗಳ ಸಮೇತ ಹೋಗಿ ಜಿಲ್ಲಾ ಕಚೇರಿಯ ಮೆಟ್ಟಿಲ ಮೇಲೆ ಕೂತರು. ಇಷ್ಟು ಜನ ನೆಚ್ಚಿಕೊಂಡ ಕೇಂದ್ರವನ್ನು ಮುಚ್ಚುವುದು ಹೇಗೆಂದು ಸಾಹೇಬರಿಗೂ ಅನ್ನಿಸಿ ಆದೇಶ ವಾಪಸಾಯಿತು. ಇಲಾಖೆಯ ಯಾವ ವರದಿಯಲ್ಲೂ ಆ ಬಕೆಟ್ ನೀರಿನ ಮಾತಿಲ್ಲ ಎಂಬುದು ಹೊಟ್ಟೆ ಉರಿಸುವ ಸಂಗತಿ.

ಬಿಸಿಲು ಮೂಡುವ ಹೊತ್ತಿಗೆ ಕೊನೆಯ ಅಕ್ಷರ ಮುಗಿಯುತ್ತದೆ. ತುಂಬು ಬಸುರಿ ಮಗಳು ಬಟ್ಟೆಯ ಚೀಲ ಹಿಡಿದ ಗಂಡನ ಜೊತೆ ಬಂದು, ಸೊಂಟಕ್ಕೆ ಕೈಕೊಟ್ಟು ಏಣಿಯ ಬಳಿ ನಿಲ್ಲುತ್ತಾಳೆ. ಸುಸ್ತಾಗಿದ್ದರೂ ಛೇಡಿಸದೆ ಬಿಡುವುದಿಲ್ಲ.

“ಅಪ್ಪಾ, ಗೋಡೆ ಇನ್ನೂ ಹಸಿನಾ?”

ಪೇಂಟರಣ್ಣ ಕೆಳಗಿಳಿದು ಅಂಗೈಯಿಂದ ಗೋಡೆ ತಟ್ಟುತ್ತಾರೆ.

“ಒಣಗಿದೆ ಮಗಳೇ. ಧೈರ್ಯವಾಗಿ ಒಳಗೆ ಹೋಗು.”