ನದಿಯಂಚಿನ ಇಂಗ್ಲಿಷರ ವಠಾರ

ಗೋಡೆಯೊಳಗೆ ಯಾರೋ ಕಬ್ಬಿಣದ ಕೊಡವನ್ನು ಸದ್ದಾಗದಂತೆ ಬಾವಿಗೆ ಇಳಿಸಲು ಹೋಗಿ, ಕೊನೆಯಲ್ಲಿ ತಳಕ್ಕೆ ತಾಗಿಸಿಬಿಟ್ಟ ಹಾಗೆ: ಗರಗರ, ಗರಗರ, ಧಬ್. ಮೆಹರುವಿನ ಮನೆಯ ಮುಂಗಿಟಕಿಯನ್ನು ಎತ್ತುವಾಗ ಆಗುತ್ತಿದ್ದ ಸದ್ದು ಅದು. ಅವಳೂ ಅವಳ ಗಂಡ ಅನ್ವರ್ ಭಾಯಿಯೂ ಆ ಮನೆ ಕೊಂಡ ಬೇಸಿಗೆಯಲ್ಲಿ ನಾನು ಅದನ್ನು ಕೇಳಿದ್ದೆ. ಮಾರನೆಯ ವರ್ಷದಿಂದ ಆ ಕಿಟಕಿ ತೆರೆಯಲೇ ಇಲ್ಲ.

ಹೋದ ಅಕ್ಟೋಬರ್‌ನಲ್ಲಿ ಮೆಹರು ಫೋನ್ ಮಾಡಿದಳು. ಮೈಸೂರಿನ ಕಾನ್ವೆಂಟ್ ಹಾಸ್ಟೆಲ್‌ನಲ್ಲಿ ನಮ್ಮಿಬ್ಬರ ಮಂಚ ಪಕ್ಕಪಕ್ಕ. ಮದುವೆಯಾಗಿ ನಾನು ಶಿಕಾಗೋ ಪಕ್ಕದ ಸ್ಕೋಕಿಗೆ ಬಂದೆ, ಅವಳು ಡೆಟ್ರಾಯಿಟ್ ಕಡೆಗೆ. ಸೋಮವಾರ ಕೆಲಸಗಾರರು ಬಂದು ಮನೆಯ ಮರದ ಕಿಟಕಿಗಳನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಕಿಟಕಿ ಕೂರಿಸುತ್ತಾರೆ ಎಂದಳು. ಆರ್ಡರ್ ಕೊಟ್ಟವಳು ಮಗಳು ನೌಶೀನ್. ಡಾಕ್ಟರ್ ಹುಡುಗಿ, ತಾಯಿ ಗಾಳಿಯಾಡದ ಮನೆಯಲ್ಲಿ ಕೆಮ್ಮುತ್ತ ಕೂರುವುದನ್ನು ನೋಡಲಾರದೆ ಹೀಗೆ ಮಾಡಿದ್ದಳು. ತಾಯಿ ಮಗಳು ಚೆನ್ನಾಗಿ ಜಗಳವಾಡಿದ ಮೇಲೆ ಒಂದು ಒಪ್ಪಂದವಾಗಿತ್ತು: ಭಾನುವಾರದೊಳಗೆ ಮುಂಗಿಟಕಿಗಳಲ್ಲಿ ಒಂದಾದರೂ ತೆರೆದರೆ ಮನೆಯ ಮುಂಭಾಗವನ್ನು ಯಾರೂ ಮುಟ್ಟುವುದಿಲ್ಲ.

"ನೀನು ಬಾರೇ ವಿಮಲಾ," ಎಂದಳು. "ಇಬ್ರೂ ಸೇರಿದ್ರೆ ಒಬ್ಬ ಗಟ್ಟಿ ಹೆಂಗಸಾದ್ರೂ ಆಗ್ತೀವಿ."

ಗುರುವಾರ ಬಸ್ಸಿನಲ್ಲಿ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋಗಿ ಅವಳಿಗೆ ಕೋಡುಬಳೆ, ಹುಣಸೆಹಣ್ಣು, ಒಂದು ಕಟ್ಟು ವೀಳ್ಯದೆಲೆ ಕೊಂಡೆ. ಶುಕ್ರವಾರ ಬೆಳಗಿನ ರೈಲು. ಸೀನಿಯರ್ ರಿಯಾಯಿತಿ ಕಳೆದು ಟಿಕೆಟ್ ನಲವತ್ತೆರಡು ಡಾಲರ್, ದಾರಿ ಸುಮಾರು ಇನ್ನೂರೆಂಬತ್ತು ಮೈಲಿ. ಉಕ್ಕಿನ ಕಾರ್ಖಾನೆಗಳು ಮುಗಿದ ಮೇಲೆ ಮಿಶಿಗನ್ ಸರೋವರ ಒಂದು ಗಳಿಗೆ ಮುಖ ತೋರಿಸಿ ಮರಳದಿಬ್ಬಗಳ ಹಿಂದೆ ಮರೆಯಾಯಿತು. ಆಮೇಲೆಲ್ಲ ಕೆಂಪೇರಿದ ಮೇಪಲ್ ಮರಗಳು, ಕುಂಬಳದ ಹೊಲಗಳು. ಪಕ್ಕದ ಸೀಟಿನ ಹೆಂಗಸು ಯಾತಕ್ಕೆ ಹೋಗುತ್ತಿದ್ದೀರಿ ಎಂದು ಕೇಳಿದಳು. ಒಂದು ಕಿಟಕಿ ತೆರೆಯಲು ಎಂದೆ. ಅವಳು ತನ್ನ ಚಾಕಲೇಟಿನಲ್ಲಿ ಅರ್ಧ ಮುರಿದು ಕೊಟ್ಟಳು.

ಡಿಯರ್‌ಬಾರ್ನ್ ಸ್ಟೇಷನ್ನಿಗೆ ನೌಶೀನ್ ಕಾರು ತಂದಿದ್ದಳು. ನದಿಯ ಜೊತೆಜೊತೆಗೇ ದಕ್ಷಿಣಕ್ಕೆ ಅರ್ಧ ಗಂಟೆಯ ಡ್ರೈವ್. ಡೆಟ್ರಾಯಿಟ್ ನದಿ ಈರಿ ಸರೋವರವನ್ನು ಸೇರುವ ಹತ್ತಿರ ಅದು ಎಷ್ಟು ಅಗಲವೆಂದರೆ, ಆಚೆ ದಡದ ಕೆನಡಾ ಒಂದು ಪೆನ್ಸಿಲ್ ಗೆರೆಯಂತೆ ಕಾಣುತ್ತದೆ. ದಡದ ಈಚೆಗೆ, ಒಂದೇ ಉದ್ದನೆಯ ಛಾವಣಿಯ ಕೆಳಗೆ ಹೆಗಲಿಗೆ ಹೆಗಲು ಕೊಟ್ಟು ನಿಂತ ಐದು ಇಟ್ಟಿಗೆ ಮನೆಗಳು. ಮೆಹರುವಿನದು ಕೊನೆಯದು.

ಇಂಗ್ಲಿಷಿನಲ್ಲಿ ಇದನ್ನು ಟೆರೇಸ್ ಎನ್ನುತ್ತಾರೆ. ಸಂಡಿಗೆ ಒಣಗಿಸುವ ನಮ್ಮ ತಾರಸಿ ಅಲ್ಲ, ಸಾಲುಮನೆ. "ಇಂಗ್ಲಿಷರ ವಠಾರ ಕಣೇ" ಎಂದು ಮೆಹರು ಮೊದಲ ಸಲವೇ ಹೇಳಿದ್ದಳು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಕಡಲತೀರದ ಊರೊಂದರಿಂದ ಬಂದ ಹಡಗಿನ ಮಾಲೀಕನೊಬ್ಬ ಇದನ್ನು ಕಟ್ಟಿಸಿದನಂತೆ. ತನ್ನ ಊರಿನ ಬೀದಿ ಮರೆಯಲಾರದೆ, ಸಮುದ್ರವೇ ಇಲ್ಲದ ಕಡೆ ಸಮುದ್ರಕ್ಕೆಂದು ಮನೆ ಕಟ್ಟಿದ! ಪ್ರತಿ ಬಾಗಿಲ ಮೇಲೂ ಕಲ್ಲಿನಲ್ಲಿ ಕಡೆದ ಕಪ್ಪೆಚಿಪ್ಪು. ಪ್ರತಿ ಮನೆಗೂ ಹೊಟ್ಟೆ ಮುಂದೆ ಮಾಡಿ ನಿಂತ ಬೇ ವಿಂಡೋ, ಒಳಗೆ ಕೂತೇ ನೀರನ್ನು ಮೂರು ದಿಕ್ಕಿಗೂ ನೋಡಲೆಂದು. ನಡುಗೋಡೆ ಎರಡು ಮನೆಗೆ ಒಂದೇ, ಪಕ್ಕದವರ ಪಿಯಾನೋ ಇವರ ಊಟದ ಕೋಣೆಗೂ ಕೇಳುತ್ತದೆ. ಅಡಿಗೆಮನೆ ನೆಲಮಾಳಿಗೆಯಲ್ಲಿ. ಮೇಲೆ ಹೋಗುತ್ತ ಹೋಗುತ್ತ ಸೂರು ತಗ್ಗುತ್ತದೆ: ಅತಿಥಿಗಳ ಹಾಲ್‌ನಲ್ಲಿ ಗಾರೆಯ ಹೂಬಳ್ಳಿ, ಆಳುಗಳು ಮಲಗುತ್ತಿದ್ದ ಕೊನೆಯ ಮಹಡಿಯಲ್ಲಿ ತಲೆ ಬಗ್ಗಿಸದಿದ್ದರೆ ಹಣೆಗೆ ಪೆಟ್ಟು. ಇಷ್ಟು ವರ್ಷಗಳ ಮೇಲೂ ಅದನ್ನೆಲ್ಲ ನೋಡುತ್ತ ನಾನು ಶಾಲೆಯ ಹುಡುಗಿಯಂತೆ ಮೆಟ್ಟಿಲು ಹತ್ತಿ ಇಳಿದೆ. ಮೊಣಕಾಲಿನ ನೆನಪು ಬಂದಿದ್ದು ರಾತ್ರಿಗೆ.

ಕಿಟಕಿಯ ಕಥೆ ಬೇರೆ. ಅನ್ವರ್ ಭಾಯಿ ಚನ್ನಪಟ್ಟಣದ ಬೊಂಬೆ ಕೆಲಸದವರ ಮನೆಯಿಂದ ಬಂದು ಇಲ್ಲಿ ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್ ಆದವರು. ರಂಜಾನ್‌ಗೆ ಮುಂಚೆ ಮನೆಗೆ ಸುಣ್ಣ ಬಳಿಯುವುದು ಅವರ ಮನೆಯ ಪದ್ಧತಿ. ಇಟ್ಟಿಗೆಗೆ ಸುಣ್ಣ ಹಚ್ಚಿದರೆ ಅಕ್ಕಪಕ್ಕದವರು ಸುಮ್ಮನಿರುತ್ತಾರೆಯೇ? ಹಾಗಾಗಿ ಮರಕ್ಕೆಲ್ಲ ಬಣ್ಣ. ವರ್ಷಕ್ಕೊಂದು ಕೋಟ್, ಕಿಟಕಿ ಮುಚ್ಚಿಟ್ಟು, ಸಂದಿಸಂದಿಗೂ ನೀಟಾಗಿ. ಆ ಶ್ರದ್ಧೆಯೇ ಕಿಟಕಿಯನ್ನು ಬೆಸುಗೆ ಹಾಕಿದಂತೆ ಮುಚ್ಚಿಬಿಟ್ಟಿತ್ತು. ಅವರು ಹೋಗಿ ನಾಲ್ಕು ವರ್ಷವಾಗಿತ್ತು.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೆಲಸಕ್ಕೆ ಕೂತೆವು. ಹಳೆಯ ಬಣ್ಣದಲ್ಲಿ ಸೀಸವಿದೆ ಎಂದು ನೌಶೀನ್ ನಮಗಿಬ್ಬರಿಗೂ ಮಾಸ್ಕ್ ಹಾಕಿಸಿ, ಸಂದಿಗೆಲ್ಲ ನೀರು ಚಿಮುಕಿಸಿದಳು. ಸಂದಿಯುದ್ದಕ್ಕೂ ಚಾಕು ಎಳೆಯಬೇಕು. ಮೆಹರು ಎರಡು ಸಲ ಎಳೆದು ನಿಲ್ಲಿಸಿಬಿಟ್ಟಳು. ಕತ್ತರಿಸಿದ ಅಂಚಿನಲ್ಲಿ ಬಣ್ಣಗಳು ಈರುಳ್ಳಿಯ ಪದರದಂತೆ ಕಾಣುತ್ತಿದ್ದವು: ಕೆನೆ, ಪಿಸ್ತಾ ಹಸಿರು, ಆಕಾಶನೀಲಿ, ಕೆಳಗೆಲ್ಲೋ ಒಂದು ಗುಲಾಬಿ.

"ಇದು ಇವಳು ಹುಟ್ಟಿದ ವರ್ಷದ್ದು," ಎಂದು ನೌಶೀನ್ ಕಡೆ ತೋರಿಸಿದಳು. "ಎಲ್ಲಾ ಅವರ ಕೈಯಲ್ಲಿ ಬಳಿದಿದ್ದು. ನಾನೇ ಕೆರೀಲಾ ವಿಮಲಾ?"

ನೌಶೀನ್ ಮೆತ್ತಗೆ, "ಅಮ್ಮಿ, ವೀ ಕ್ಯಾನ್ ಸ್ಟಾಪ್," ಎಂದಳು. ನಿಲ್ಲಿಸಿದರೆ ಸೋಮವಾರ ಮರವೂ ಹೋಗುತ್ತದೆ, ಬಣ್ಣವೂ ಹೋಗುತ್ತದೆ. ಅದು ಮೆಹರುವಿಗೂ ಗೊತ್ತಿತ್ತು. ಅವಳು ಗುಲಾಬಿಯ ಒಂದು ಚಕ್ಕೆಯನ್ನು ಕಾಗದದಲ್ಲಿ ಮಡಿಸಿ ತೆಗೆದಿಟ್ಟಳು. "ಅವರಿದ್ದಿದ್ರೆ ಚೆನ್ನಾಗಿ ಬಯ್ದು, ಇನ್ನೊಂದು ಕೋಟ್ ಹೊಡೆಯೋರು," ಎಂದು ಚಾಕು ಎತ್ತಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಬಣ್ಣ ಬಿಟ್ಟುಕೊಂಡಿತು. ಆದರೂ ಕಿಟಕಿ ಜಗ್ಗಲಿಲ್ಲ, ಮರ ಉಬ್ಬಿ ಕಚ್ಚಿ ಹಿಡಿದಿತ್ತು. ನೌಶೀನ್ ಗಡಿಯಾರ ನೋಡತೊಡಗಿದಳು. ಆಗ ಮೆಹರು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಂದೇ ನೆನಪು. ಮಳೆಗಾಲದಲ್ಲಿ ಹಾಸ್ಟೆಲ್ಲಿನ ಡೆಸ್ಕಿನ ಡ್ರಾಯರುಗಳು ಹೀಗೆಯೇ ಕಚ್ಚಿಕೊಳ್ಳುತ್ತಿದ್ದವು. ವಾರ್ಡನ್ ಸಿಸ್ಟರ್ ಚಾಪೆಲ್‌ನಲ್ಲಿ ಉರಿದುಳಿದ ಮೇಣದ ತುಂಡುಗಳನ್ನು ಹಂಚಿ, "ಗರ್ಲ್ಸ್, ರಬ್, ಡೋಂಟ್ ಪುಲ್," ಎನ್ನುತ್ತಿದ್ದರು. ನಾವು ಇಡೀ ಬದುಕು ಎಳೆದದ್ದೇ ಹೆಚ್ಚು!

ಕರೆಂಟ್ ಹೋದಾಗ ಬೇಕೆಂದು ಇಟ್ಟಿದ್ದ ಮೇಣದಬತ್ತಿ ಅಡಿಗೆಮನೆಯಲ್ಲಿತ್ತು. ಕಿಟಕಿ ಜಾರುವ ಎರಡು ಕಡೆಯ ತೋಡಿಗೂ ಉಜ್ಜಿದೆವು. ಚೌಕಟ್ಟನ್ನು ಅಂಗೈಯಿಂದ ತಟ್ಟಿ, ಮತ್ತೆ ಉಜ್ಜಿದೆವು. ಮೂವರೂ ಕೆಳಗೆ ಬೆರಳು ಕೊಟ್ಟು ಎತ್ತಿದೆವು. ಏನೋ ಟಪ್ಪೆಂದಿತು, ನನ್ನ ಸೊಂಟವೇ ಇರಬೇಕೆಂದುಕೊಂಡೆ. ಅಷ್ಟರಲ್ಲಿ ಕಿಟಕಿ ಒಂದು ಗೇಣು ಏರಿತು.

ಗರಗರ, ಗರಗರ, ಧಬ್.

ಈ ಕಿಟಕಿಗಳ ಉಪಾಯ ನಮ್ಮ ಏತದ ಲೆಕ್ಕವೇ. ಕೆಳಗಿನ ಗಾಜಿನ ಚೌಕಟ್ಟು ಮೇಲೇರಿದಂತೆ ಗೋಡೆಯೊಳಗೆ ಬಚ್ಚಿಟ್ಟ ಕಬ್ಬಿಣದ ಗುಂಡುಗಳು ಇಳಿದು ಅದನ್ನು ಹಿಡಿದು ನಿಲ್ಲಿಸುತ್ತವೆ. ಹಗ್ಗವಾಗಿದ್ದರೆ ಕೊಳೆತಿರುತ್ತಿತ್ತು, ನಮ್ಮ ಪುಣ್ಯಕ್ಕೆ ಆ ಹಡಗಿನವನು ಸರಪಳಿ ಹಾಕಿಸಿದ್ದ. ನದಿಯ ಗಾಳಿ ಒಳನುಗ್ಗಿ ಮೇಜಿನ ಮೇಲಿನ ಪೇಪರನ್ನೆಲ್ಲ ಹಾರಿಸಿತು. ದೂರದಲ್ಲಿ ಅದಿರಿನ ಹಡಗೊಂದು ದೀರ್ಘವಾಗಿ ಕೂಗಿತು. ಮೆಹರು ಮಾಸ್ಕ್ ಕಿತ್ತು ಉಸಿರೆಳೆದುಕೊಂಡಳು, ಕೆಮ್ಮಿದಳು, ಕೆಮ್ಮುತ್ತಲೇ ನಕ್ಕಳು. ನೌಶೀನ್ ಮತ್ತೇನೂ ವಾದಿಸದೆ ಅಡಿಗೆಮನೆಗೆ ಹೋಗಿ ಫೋನ್ ಮಾಡಿ, ಹಿಂಭಾಗದ ಕಿಟಕಿಗಳು ಮಾತ್ರ ಸಾಕು ಎಂದಳು. ಆ ಸಂಜೆ ಮೂವರೂ ಕೋಟ್ ಹಾಕಿಕೊಂಡು ತೆರೆದ ಕಿಟಕಿಯೆದುರು ಕೂತು ಬಿಸಿ ಬಿರಿಯಾನಿ ತಿಂದೆವು.

ಭಾನುವಾರ ಐವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ತುಂತುರು. ಮಧ್ಯಾಹ್ನದ ರೈಲಿಗೆ ಹೊರಟೆ. ಫೆಬ್ರವರಿಯಲ್ಲಿ ನೌಶೀನ್ ಅಳುತ್ತ ಮಾಡುವ ಫೋನ್ ಆಗ ಯಾರಿಗೆ ಗೊತ್ತಿತ್ತು? ನೌಶೀನ್ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ತಲೆಯೆತ್ತಿ ನೋಡಿದೆ. ಮೆಹರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ವಠಾರದ ಹೆಂಗಸರ ಹಾಗೆಯೇ ಕೂಗಿದಳು: "ಕೋಡುಬಳೆ ತಂದ ನಿನ್ನ ಡಬ್ಬ ಬಿಟ್ಟು ಹೋಗ್ತಾ ಇದೀಯ ಕಣೇ."

ಇರಲಿ, ಮುಂದಿನ ಸಲ ತಗೋತೀನಿ ಎಂದೆ. ನೌಶೀನ್ ಕಾರಿನ ಗಾಜು ಇಳಿಸಿ, ಚಳಿಯಿದೆ, ಕಿಟಕಿ ಮುಚ್ಚಿಕೋ ಎಂದು ತಾಯಿಗೆ ಹೇಳಿದಳು. ಮೆಹರು ಕೇಳಿಸದವಳಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಿಟಕಿಯ ಕಟ್ಟೆಗೆ ಎರಡೂ ಮೊಣಕೈ ಊರಿ, ನೀರಿನ ಕಡೆ ನೋಡುತ್ತ ನಿಂತಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.