ಮತ್ತಿಮರದವರೆಗೆ ಮೇಲಕ್ಕೆ

ಚಲನೆಯ ಲೆಕ್ಕಗಳನ್ನು ಯಂತ್ರಗಳು ತಾವೇ ಯೋಚಿಸಿ ಬಿಡಿಸುತ್ತವೆ ಎಂದು ಈಗ ಓದುತ್ತೇನೆ. ಎಂಬತ್ತರ ದಶಕದ ನಡುವೆ ಹೊನ್ನಾಳಿಯ ನಮ್ಮ ಪ್ರೌಢಶಾಲೆಗೆ ಬಂದ ಕಂಪ್ಯೂಟರ್ ಯೋಚಿಸುತ್ತಿರಲಿಲ್ಲ. ನಾನು ಬರೆದುಕೊಟ್ಟ ಹೊಳೆಯನ್ನಷ್ಟೇ ದಾಟುತ್ತಿತ್ತು.

ಇಲಾಖೆಯವರು ಅದನ್ನು ಅರ್ಧ ವರ್ಷದ ಮಟ್ಟಿಗೆ ಕೊಟ್ಟಿದ್ದರು. ಸಾಹೇಬರು ತಪಾಸಣೆಗೆ ಬಂದಾಗ ಅದರಿಂದ ಪಾಠವಾಗುತ್ತಿದೆ ಎಂದು ತೋರಿಸಿದರೆ ನಮ್ಮಲ್ಲೇ ಉಳಿಯುತ್ತಿತ್ತು, ಇಲ್ಲವಾದರೆ ಜಗಳೂರಿಗೆ ಹೋಗುತ್ತಿತ್ತು. ವಿಜ್ಞಾನ ಕಲಿಸುತ್ತಿದ್ದ ನನಗೆ ಅದು ಬೇಕಾಗಿತ್ತು. ದಿನಾ ಒಂಬತ್ತೂಕಾಲಿಗೆ ಬೀಗ ತೆಗೆದು, ಧೂಳು ಒರೆಸಿ, ಗಂಟೆ ಬಾರಿಸುವವರೆಗೆ ಅದರ ಮುಂದೆ ಕೂರುತ್ತಿದ್ದೆ.

ಹೊಳೆಯ ಅಗಲ, ನೀರಿನ ವೇಗ, ಹರಿಗೋಲಿನ ವೇಗ ಕೊಟ್ಟರೆ ಪರದೆಯ ಮೇಲೊಂದು ಚುಕ್ಕೆ ಓರೆಯಾಗಿ ಹೋಗಿ ಆಚೆ ದಡ ಮುಟ್ಟುವಂತೆ ಮಾಡಿದೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊಳೆಗೆ ಹೋಗಿ ವೇಗಗಳನ್ನು ಅಳೆದು ಬಂದೆ. ಹರಿಗೋಲು ಎದುರು ದಡದಲ್ಲಿ ಕಡವಿಗಿಂತ ನಲವತ್ತು ಮೀಟರ್ ಕೆಳಗೆ ಸೇರುತ್ತದೆ ಎಂದಿತು ಯಂತ್ರ. ಮುಂದಿನ ಶನಿವಾರ ಆಚೆ ದಡದಲ್ಲಿ ಆ ಜಾಗಕ್ಕೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ ಕಾದೆ. ಹರಿಗೋಲು ಬಂದು ನೇರ ಎದುರಿನ ಕಡವಿನಲ್ಲೇ ನಿಂತಿತು.

"ಅಕ್ಕೋರೇ, ಅದೇನ್ರೀ ಬಟ್ಟೆ?" ಎಂದರು ಹುಟ್ಟು ಹಾಕುವ ಮುದುಕರು.

"ನೀವು ಅಲ್ಲಿಗೆ ಬರ್ತೀರಿ ಅಂತ ನಮ್ಮ ಮಿಷನ್ನು ಹೇಳಿತ್ತು."

"ಅಲ್ಲಿ ಬರೀ ಮುಳ್ಳುಕಂಟಿ ಐತ್ರೀ. ಬೇಕಾದ್ರೆ ನಿಮ್ ಮಿಷನ್ನೇ ಇಳೀಲಿ."

ಬುಟ್ಟಿ ಹೊತ್ತು ಇಳಿಯುತ್ತಿದ್ದ ಹೆಂಗಸರು ನಕ್ಕರು. ಮುದುಕರು ಹೊಳೆ ದಾಟಿದ್ದನ್ನು ನಾನು ಗಮನವಿಟ್ಟು ನೋಡಿರಲಿಲ್ಲ, ಬಟ್ಟೆ ಕಟ್ಟುವುದರಲ್ಲಿದ್ದೆ. ಹೆಂಗೆ ಬಂದಿರಿ ಎಂದು ಕೇಳಿದೆ.

"ಜನ ಹತ್ತಿದ ಮೇಲೆ ದಂಡೆ ಹಿಡ್ಕಂಡು ಮತ್ತಿಮರದ ತನಕ ಮೇಲಕ್ಕೆ ಹೋಗೋದು, ಆಮೇಲೆ ನಡುನೀರಿಗೆ ಬಿಡೋದು. ನಡುವೆ ಹೊಳೆ ಓಡ್ತೈತೆ, ದಂಡ್ಯಾಗೆ ನಡೀತೈತೆ. ಇಷ್ಟು ತಿಳೀದೆ ಹೊಳೆ ದಾಟಾಕೆ ಆಗ್ತೈತೇನ್ರೀ?"

ಈಚೆ ದಡಕ್ಕೆ ಮರಳಿ ಕಡವಿನಿಂದ ಮತ್ತಿಮರಕ್ಕೆ ಅಳೆದೆ. ನಲವತ್ತು ಮೀಟರ್. ಸೋಮವಾರ ಲೆಕ್ಕ ತಿದ್ದಿದೆ: ಚುಕ್ಕೆ ಮೊದಲು ನಲವತ್ತು ಮೀಟರ್ ಮೇಲಕ್ಕೆ ಹೋಗಬೇಕು, ನಂತರ ದಾಟಬೇಕು. ಲೆಕ್ಕ ತುಂಬಿಡಲು ಇದ್ದದ್ದು ಒಂದೇ ಕ್ಯಾಸೆಟ್. ಹಳೆಯದನ್ನು ಅಳಿಸಿ ಹೊಸದನ್ನು ತುಂಬಿದೆ.

ತಪಾಸಣೆಗೆ ಬಂದ ಸಾಹೇಬರು ಪಠ್ಯಪುಸ್ತಕ ತೆರೆದು, ಅದರಲ್ಲಿದ್ದ ದೋಣಿಯ ಲೆಕ್ಕದ ಅಂಕಿಗಳನ್ನು ಒತ್ತಲು ಹೇಳಿದರು. ಒತ್ತಿದೆ. ಇಪ್ಪತ್ತು ಎಂದಿತು.

"ಪುಸ್ತಕದಾಗೆ ಅರವತ್ತು ಐತಲ್ರೀ ಮೇಡಂ?"

ಮತ್ತಿಮರದ ವಿಷಯ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಎಲ್ಲಾ ಸರಿ. ಪರೀಕ್ಷೆಗೆ ಯಾವ ಹೊಳೆ ಬರ್ತೈತ್ರೀ?"

ಮರುವಾರ ಯಂತ್ರ ಜಗಳೂರಿಗೆ ಹೋಯಿತು, ಕ್ಯಾಸೆಟ್ ಸಮೇತ. ಅಲ್ಲಿನ ವಿಜ್ಞಾನದ ಮೇಷ್ಟರು ಕಾರ್ಡು ಬರೆದರು: ನಮ್ಮೂರಲ್ಲಿ ಹೊಳೆ ಇಲ್ಲ, ನೀರಿನ ವೇಗಕ್ಕೆ ಏನು ಕೊಡಲಿ? ಸೊನ್ನೆ ಕೊಡಿ ಎಂದು ಉತ್ತರಿಸಿದೆ. ಮತ್ತೊಂದು ಕಾರ್ಡು ಬಂತು. ಸೊನ್ನೆ ಕೊಟ್ಟರೂ ಚುಕ್ಕೆ ಮೊದಲು ನಲವತ್ತು ಮೀಟರ್ ಮೇಲಕ್ಕೆ ಹೋಗಿಯೇ ದಾಟುತ್ತದೆ, ಯಾಕೆ ಎಂದು ಮಕ್ಕಳು ಕೇಳುತ್ತಿದ್ದಾರೆ, ಎಂದಿತ್ತು.