ಚಿಗವ್ವ ಮುಟ್ಟಿದ ಕುಂಬಳ ಹೂ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ, ಇವರ ಡಬ್ಬಿಗೆ ರೊಟ್ಟಿ, ಹೆಸರುಕಾಳು ಪಲ್ಯ ಕಟ್ಟಿಕೊಟ್ಟು, ಬಾಗಿಲಿಗೆ ಬಂದ ಯಾಪಲದಿನ್ನಿಯ ತರಕಾರಿಯವಳ ಬುಟ್ಟಿಗೆ ಕೈ ಹಾಕಿದೆ. ಮೆಂತ್ಯದ ಕಟ್ಟಿನ ಮೇಲೆ ಕುಂಬಳ ಹೂಗಳಿದ್ದವು. “ದೀಪಾವಳಿ ಬಂತಲ್ರೀ ಅಕ್ಕಾರ, ಪೂಜಿಗೆ ತಗೋರಿ,” ಎಂದು ಒಂದು ಹಿಡಿ ನನ್ನ ಸೆರಗಿಗೆ ಹಾಕಿದಳು. ರಾಯಚೂರಿನ ಬಿಸಿಲಿಗೆ ಅವು ಆಗಲೇ ಬಾಡತೊಡಗಿದ್ದವು. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನೋಡಿದರೆ ಬೆರಳಿಗೆಲ್ಲ ಹಳದಿ ಪುಡಿ. ಮೂಸಿದೆ. ಹಸಿ ಎಲೆಯ ಒಗರು, ಅದರೊಳಗೆಲ್ಲೋ ಜೇನಿನಂಥ ತೆಳು ಸಿಹಿ. ಕುಕ್ಕರ್ ಕೂಗುತ್ತಲೇ ಇತ್ತು; ನಾನು ಮಾತ್ರ ದೇವದುರ್ಗದ ನಮ್ಮ ಮನೆಯ ಮಾಳಿಗೆಯ ಮೇಲಿದ್ದೆ.

ಮಣ್ಣು ಹಾಸಿದ ಚಪ್ಪಟೆ ಚಾವಣಿ, ನಮ್ಮ ಕಡೆ ಮಾಳಿಗೆ ಅಂದರೆ ಅದೇ. ದನ ಕಟ್ಟುವ ಅಂಗಳದಿಂದ ಹೊರಟ ಬಳ್ಳಿ ನಿಚ್ಚಣಿಕೆಯನ್ನೇ ಹಿಡಿದು ಮೇಲೇರಿ, ಸುರುಳಿ ಬೆರಳುಗಳಿಂದ ಸಿಕ್ಕಿದ್ದನ್ನೆಲ್ಲ ಅಪ್ಪಿಕೊಂಡು, ದೀಪಾವಳಿ ರಜೆಗೆ ನಾನು ಕಾನ್ವೆಂಟಿನ ಹಾಸ್ಟೆಲಿನಿಂದ ಬರುವ ಹೊತ್ತಿಗೆ ಮಾಳಿಗೆಯನ್ನು ಮುಚ್ಚಿಬಿಡುತ್ತಿತ್ತು. ಅದರ ಯಜಮಾನಿಕೆ ಆಯಿಯದು, ಅಪ್ಪನ ತಾಯಿಯದು. ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂದು ನಾವು ಬೆರಳು ಮಡಚಿ ತೋರಿಸಬೇಕಿತ್ತು. ಮಕ್ಕಳಿಲ್ಲದ ಹೆಂಗಸಂತೂ ಹೂಬಿಟ್ಟ ಬಳ್ಳಿಯ ಹತ್ತಿರ ಸುಳಿಯುವಂತಿರಲಿಲ್ಲ. ನಮ್ಮ ಮನೆಯಲ್ಲಿ ಹಾಗಿದ್ದವಳು ಒಬ್ಬಳೇ, ಕಾಕಾನ ಹೆಂಡತಿ, ನಮ್ಮ ಚಿಗವ್ವ. ನಿಚ್ಚಣಿಕೆಯ ಬುಡದಲ್ಲಿ ನಿಂತು ಕತ್ತೆತ್ತಿ ನೋಡುವುದಷ್ಟೇ ಅವಳ ಪಾಲು.

ಆ ವರ್ಷ ಹೀಚುಗಳೆಲ್ಲ ಹಣ್ಣಾದಂತೆ ಹಳದಿಗಟ್ಟಿ ಉದುರುತ್ತಿದ್ದವು. ಆಯಿ ದಿನಾ ಎದ್ದವಳೇ ಮೇಲೇರಿ, ಬುಡದಲ್ಲಿ ಹೀಚಿಲ್ಲದ, ಉದ್ದ ತೊಟ್ಟಿನ ಹೂಗಳನ್ನೆಲ್ಲ ಕಿತ್ತು ಎಸೆಯುತ್ತಿದ್ದಳು. “ಬರಡು ಹೂವ ಇವು. ಸುಮ್ನ ಬಳ್ಳಿ ರಸ ಕುಡಿತಾವ.” ಆದರೂ ಕಾಯಿ ನಿಲ್ಲಲಿಲ್ಲ. ಒಂದು ದಿನ ಒಲೆಯ ಕಡೆ ನೋಡದೆಯೇ ಅಂದಳು: “ಇಕಿ ಕಾಲ್ಗುಣಕ್ಕ ಬಳ್ಳೀನೂ ಕಾಯಿ ಹಿಡಿಯವಲ್ದು. ಹಬ್ಬ ಮುಗಿಲಿ, ಇಕಿ ತವರಿಗೆ, ನೀರಮಾನ್ವಿಗೆ ಹೇಳಿ ಕಳಿಸ್ತೀನಿ. ಅಣ್ಣಗೋಳು ಬಂದು ಕರ್ಕೊಂಡು ಹೋಗ್ಲಿ.” ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಸದ್ದು ಒಮ್ಮೆ ತಪ್ಪಿ, ಮತ್ತೆ ತಾಳಕ್ಕೆ ಬಂತು.

ರಜೆಗೆ ತುಸು ಮುಂಚೆಯಷ್ಟೇ ಶಾಲೆಯಲ್ಲಿ ನಮ್ಮ ಸಿಸ್ಟರ್ ದಾಸವಾಳವೊಂದನ್ನು ಬ್ಲೇಡಿನಿಂದ ಸೀಳಿ, ಕೇಸರ, ಪರಾಗ, ತಳದಲ್ಲಿ ಮುತ್ತಿನಂತೆ ಕೂತ ಎಳೆ ಬೀಜ ಎಲ್ಲ ತೋರಿಸಿದ್ದರು. ಕೆಲವು ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಇದರ ಪುಡಿ ಅದನ್ನು ಮುಟ್ಟದಿದ್ದರೆ ಹೀಚು ಕಾಯಾಗುವುದಿಲ್ಲ ಎಂದಿದ್ದರು. ಅದನ್ನೇ ಚಿಗವ್ವನಿಗೆ ಒಪ್ಪಿಸಿದೆ.

“ಅಂದ್ರ ಅತ್ತಿ ದಿನಾ ಕಿತ್ತು ಒಗಿಯಾಕತ್ತಿದ್ದು ಗಂಡು ಹೂವೇನು?” ಎಂದವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. “ಯವ್ವಾ, ಗಂಡಸರನ್ನೆಲ್ಲ ಹೊರಗ ಹಾಕಿ ಬಾಣಂತನ ಮಾಡಾಕ ಕುಂತಾಳಲ್ಲ ನಿಮ್ಮಾಯಿ!”

ಮರುದಿನ ಆಯಿ ಏಳುವ ಮೊದಲೇ ನನ್ನನ್ನು ಎಬ್ಬಿಸಿಕೊಂಡು ನಿಚ್ಚಣಿಕೆ ಹತ್ತಿದಳು. ಇಬ್ಬನಿಗೆ ಸೀರೆಯಂಚು ತೊಯ್ದಿತ್ತು. ಉದ್ದ ತೊಟ್ಟಿನ ಹೂ ಕಿತ್ತು, ಎಸಳು ಬಿಡಿಸಿ, ಒಳಗಿನ ಕೇಸರವನ್ನು ಹೀಚಿನ ಹೂವಿನ ನಡುವಿನ ಅಂಟಂಟು ಗಂಟಿಗೆ ಮುಟ್ಟಿಸಿದಳು, ಮಲಗಿದ ಕೂಸಿಗೆ ಕಾಡಿಗೆ ಹಚ್ಚುವಷ್ಟು ಹಗುರಾಗಿ. ಮೊಣಕಾಲೂರಿಕೊಂಡೇ ಹೂವಿಂದ ಹೂವಿಗೆ ಸರಿದಳು. ಹೀಗೆ ಕೆಲವು ಬೆಳಗು. ಹೀಚುಗಳು ಉದುರುವುದನ್ನು ಬಿಟ್ಟು ಮುಷ್ಟಿಯಷ್ಟಾದವು.

“ನೋಡಿದ್ರೇನು? ಅಕಿನ್ನ ಮಾಳಿಗಿ ಹತ್ತಗೊಡ್ಲಿಲ್ಲ, ಕಾಯಿ ನಿಂತ್ವು!” ಎಂದಳು ಆಯಿ. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಗವ್ವ ನನ್ನ ಕಾಲು ತುಳಿದಳು. ಹಿತ್ತಲಿಗೆ ಹೋಗಿ, “ಹೇಳಿದ್ರ ನಿನ್ನ ಕಳಸಂಗಿಲ್ಲ ಚಿಗವ್ವಾ,” ಎಂದು ಅತ್ತೆ. ಅವಳು ಸೆರಗಿನಿಂದ ನನ್ನ ಮೂಗು ಒರೆಸಿದಳು.

“ಹುಚ್ಚಿ, ನಾ ಮುಟ್ಟೀನಂದ್ರ ಅವನ್ನೂ ಕಿತ್ತು ತಿಪ್ಪಿಗಿ ಒಗಿತಾರ. ಬೆಳಿಲಿ ಬಿಡು, ಪಾಪ.”

ಹಬ್ಬ ಕಳೆದ ಮೇಲೆ ನೀರಮಾನ್ವಿಯಿಂದ ಅಣ್ಣಂದಿರು ಬಂದು ಚಿಗವ್ವನನ್ನು ಕರೆದೊಯ್ದರು. ಕಾಕಾ ಬಸ್ಸಿನವರೆಗೂ ಹೋಗಲಿಲ್ಲ. ಮುಂದಿನ ರಜೆಗೆ ನಾನು ಬಂದಾಗ ಜಂತಿಗೆ ಕಟ್ಟಿದ ಹಗ್ಗದ ನೆಲುವಿನಲ್ಲಿ ಕುಂಬಳಕಾಯಿಗಳು ತೂಗುತ್ತಿದ್ದವು, ಬೂದಿ ಬಳಿದುಕೊಂಡ ಹಾಗೆ, ಸುಮ್ಮನೆ. ಕುಂಬಳದ ಕಡಬು ಮಾಡಿದ ದಿನ ಆಯಿ ಎಲ್ಲರಿಗೂ ಬಡಿಸಿ, ಇನ್ನೊಂದು ತಾಟಿಗೂ ಹಾಕಿ, ಯಾರಿಗೆಂದು ಹೇಳದೆ ಮುಚ್ಚಿಟ್ಟಳು. ಆಯಿ ತಾನು ಹೆತ್ತ ಕೂಸುಗಳಲ್ಲಿ ಕೆಲವನ್ನು ಮಣ್ಣಿಗೆ ಕೊಟ್ಟವಳು. ಆ ಹೆದರಿಕೆಗಳೆಲ್ಲ ಎಲ್ಲಿಂದ ಬಂದವೆಂದು ನನಗೆ ಈಗೀಗ ತುಸು ತಿಳಿಯುತ್ತದೆ.

ಆ ಮಾಳಿಗೆ ಈಗಿಲ್ಲ, ಅಲ್ಲಿ ಅಂಗಡಿ ಸಾಲು. ಆಯಿ ಇಲ್ಲ. ಚಿಗವ್ವ ತವರಲ್ಲೇ ತೀರಿಕೊಂಡಳೆಂಬುದು ನನಗೆ ಗೊತ್ತಾದದ್ದು ಮಾನ್ವಿಯ ಒಂದು ಮದುವೆಯಲ್ಲಿ, ಪಕ್ಕದೆಲೆಗೆ ಕೂತ ಯಾರೋ ಮಾತಿನ ಮಧ್ಯೆ ಅಂದಾಗ. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬಹುದು. ಫೋಟೊಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕಾಂಪೌಂಡಿನಾಚೆ ಪಕ್ಕದ ಮನೆಯ ಗಿರಿಜಮ್ಮ ತಮ್ಮ ಪಪ್ಪಾಯಿ ಗಿಡಕ್ಕೆ ನೀರು ಬಿಡುತ್ತಿದ್ದರು. ಜೋತುಬಿದ್ದ ಗೊಂಚಲುಗಳ ತುಂಬ ಹೂ, ಒಂದೂ ಕಾಯಿಲ್ಲ.

“ಗಂಡು ಗಿಡ ಅಂತ್ರೀ, ಕಡಿಸ್ರಿ ಅಂತಾರ ಎಲ್ಲಾರೂ,” ಎನ್ನುತ್ತ ಅವರು ಪೈಪನ್ನು ಬುಡಕ್ಕೆ ಸರಿಸಿದರು. “ಕಾಯಿ ಬಿಡದಿದ್ರ ಬ್ಯಾಡ. ನಮ್ಮನಿ ಗಿಡ ಅದ, ಇರ್ಲಿ.”